ಕತ್ತಲಲ್ಲಿ ನುಡಿದ ಗಿಟಾರ್

ಮೊದಲು ಹರಿದದ್ದು ದೊಡ್ಡ ಡ್ರಮ್ಮಿನ ಹೊಟ್ಟೆ. ಆಮೇಲೆ ಸಣ್ಣವು. ಡ್ರಮ್ಮರ್ ತನ್ನ ಡ್ರಮ್ಮುಗಳನ್ನು ತಾನೇ, ಒಂದನ್ನೂ ಬಿಡದೆ, ಬೂಟುಗಾಲಿನಿಂದ ಒದ್ದು ಸೀಳಿದ. ತಾಳತಟ್ಟೆಯ ಸ್ಟ್ಯಾಂಡನ್ನು ಗೋಡೆಗೆ ಅಪ್ಪಳಿಸಿ ಅದರ ಉಕ್ಕಿನ ಸರಳನ್ನು ಕಿತ್ತುಕೊಂಡ. ಕೈಯಲ್ಲಿ ತೂಗಿ ನೋಡಿದ. ಹೇಳಿ ಮಾಡಿಸಿದ ಹಾಗಿತ್ತು.

ಅದು ಸ್ಟುಡಿಯೋದ ಹಿಂದಿನ ಕೋಣೆ, ಪೊರಕೆ, ಮುರುಕು ಕುರ್ಚಿ ಒಟ್ಟುವ ಜಾಗ. ಇಷ್ಟು ವರ್ಷ ಧ್ವನಿಮುದ್ರಣದ ಕೋಣೆಯಲ್ಲಿ ಸಿಂಹಾಸನದಂತೆ ಕೂತಿದ್ದ ಅವನ ಡ್ರಮ್ಮುಗಳನ್ನು ಇವತ್ತು ಯಾರೋ ಇಲ್ಲಿ ತಂದು ಪೊರಕೆಗಳ ನಡುವೆ ಸುರಿದಿದ್ದರು. ಕಾರಿಡಾರಿನ ಕೊನೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಗಾಯಕ ಹೊಸ ಹಾಡು ಮುದ್ರಿಸುತ್ತಿದ್ದ. ಒಂದು ಮರದ ಗಿಟಾರ್, ಒಂದು ಗಂಟಲು, ಅಷ್ಟೇ. ಮೂವತ್ತು ವರ್ಷಗಳ ಹಿಂದಿನ ಹಾಗೆ.

ಗಾಯಕ ಬೇರೆ ಯಾರೂ ಅಲ್ಲ, ಡ್ರಮ್ಮರನ ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ. ತಾನೇ ಹಾಡು ಕಟ್ಟಿ ತಾನೇ ಹಾಡುವವನು. ತನ್ನ ಮೊದಮೊದಲ ಹಾಡುಗಳನ್ನೆಲ್ಲ ಅವನು ದೀಪ ಆರಿಸಿ, ಕಗ್ಗತ್ತಲಲ್ಲಿ ಮುದ್ರಿಸಿದ್ದ. "ಬೆಳಕಿದ್ರೆ ಆ ಹಾಡು ನಾಚಿಕೊಳ್ಳುತ್ತೆ" ಎನ್ನುತ್ತಿದ್ದ. ವೇದಿಕೆಯ ಮೇಲೆ ಅವನ್ನು ಒಮ್ಮೆಯೂ ಹಾಡಲಿಲ್ಲ. ಕೇಳಿದವರೆಲ್ಲ ಆ ಬೆರಳುಗಳಿಗೆ ಹುಚ್ಚಾಗಿದ್ದರು. ಅಕ್ಕನ ಮದುವೆಯಾದ ವರ್ಷವೇ ಮರದ ಗಿಟಾರನ್ನು ಗೋಡೆಗೆ ತೂಗುಹಾಕಿ, ಹೊಸ ಭಾವನನ್ನು ಕರೆದು ಡ್ರಮ್ಮಿನ ಹಿಂದೆ ಕೂರಿಸಿದ. ಡ್ರಮ್ಮರ್ ಅದನ್ನು ಮದುವೆಯ ಉಡುಗೊರೆ ಎಂದುಕೊಂಡಿದ್ದ.

ಹೋದ ವಾರ ಉಡುಗೊರೆ ವಾಪಸಾಯಿತು.

"ಇನ್ನು ಡ್ರಮ್ ಬೇಡ ಭಾವ. ಹಳೇ ದಾರಿಗೆ ಹೋಗ್ತಿದೀನಿ."

"ಈ ವಯಸ್ಸಲ್ಲಿ? ಬೆರಳು ಓಡ್ತವೇನಯ್ಯಾ?"

"ಬೆರಳಿಗೇನೂ ಆಗಿಲ್ಲ. ನಿಮಗೋಸ್ಕರ ಅದನ್ನ ಇಷ್ಟು ವರ್ಷ ಬಿಟ್ಟುಕೊಟ್ಟೆ ಭಾವ. ಇನ್ನು ಆಗಲ್ಲ."

"ಭಿಕ್ಷೆ ಹಾಕಿದ ಹಾಗೆ ಹೇಳ್ತೀಯಲ್ಲೋ!"

ಡ್ರಮ್ಮರನ ಮುಷ್ಟಿ ಅವನ ದವಡೆಗೆ ಬಿತ್ತು. ಗಾಯಕ ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು, ಯಾಕೋ ಪಾಪ ಎನ್ನುವಂತೆ ನೋಡಿದ. ಏಟಿಗೆ ಏಟು ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ನೋಟ ಮಾತ್ರ ಡ್ರಮ್ಮರನ ಎದೆಯೊಳಗೆ ಮುಳ್ಳಾಗಿ ಕೂತುಬಿಟ್ಟಿತು.

ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯ ಕೊರಳಲ್ಲಿ ಇರುತ್ತದಂತೆ. ಈ ಗಾಯಕನ ಪ್ರಾಣ ಇರುವುದು ಎಡಗೈಯ ನಾಲ್ಕು ಬೆರಳುಗಳಲ್ಲಿ. ಅಷ್ಟು ದೂರವೇನಲ್ಲ, ಒಂದು ಬಾಗಿಲು ದಾಟಿದರಾಯಿತು. ನನ್ನದು ಹೋಯಿತು, ಅವನದೂ ಹೋಗಲಿ.

ಬೆಳಿಗ್ಗೆ ಮನೆಯಲ್ಲೂ ಡ್ರಮ್ಮರ್ ಇದೇ ಧ್ಯಾನದಲ್ಲಿದ್ದ. ಹೆಂಡತಿ ಬಿಸಿ ಪಾತ್ರೆ ಮುಟ್ಟಿಬಿಟ್ಟೆ ಎಂದು ಎಡಗೈ ಚಾಚಿದಳು. ಹೆಬ್ಬೆರಳೊಂದನ್ನು ಬಿಟ್ಟು ನಾಲ್ಕೂ ತುದಿಗಳು ಕೆಂಪಗೆ ಸುಲಿದಿದ್ದವು. ಮನೆಯಲ್ಲಿ ಇದ್ದದ್ದು ಮೊಮ್ಮಗಳಿಗೆಂದು ತಂದಿದ್ದ, ಹಳದಿ ಬಾತುಮರಿಗಳ ಚಿತ್ರವಿದ್ದ ಬ್ಯಾಂಡೇಜ್ ಪಟ್ಟಿಗಳು. ಅವನೇ ಒಂದೊಂದಾಗಿ ಸುತ್ತಿದ.

"ಮೂವತ್ತು ವರ್ಷ ಅಡುಗೆ ಮಾಡಿದವಳಿಗೆ ಪಾತ್ರೆ ಬಿಸಿ ಅಂತ ಗೊತ್ತಾಗಲಿಲ್ವೇನೇ?"

"ಕೈ ಮೆತ್ತಗಾಗಿದೆ ಕಣ್ರೀ. ರೂಢಿ ತಪ್ಪಿದೆ." ಪಟ್ಟಿ ಸುತ್ತಿದ ಬೆರಳುಗಳನ್ನು ಅವಳು ಮೇಜಿನ ಮೇಲೆ ಒಂದರ ಹಿಂದೊಂದು ತಟ್ಟಿ ನೋಡಿದಳು.

"ಸಾಕು ನಿಲ್ಲಿಸು. ಮನೇಲಿ ಬಾರಿಸೋ ಕೈ ನಂದೊಂದೇ ಸಾಕು."

"ಮದುವೆಯಾದ ದಿನದಿಂದ ಅದೇ ಮಾತು ನಿಮ್ಮದು." ಅವಳು ನಕ್ಕಳು. "ಸಂಜೆ ಬೇಗ ಬನ್ನಿ. ಒಂದು ವಿಷಯ ಹೇಳ್ಬೇಕು. ಸಿಟ್ಟು ಮಾಡ್ಕೋಬಾರ್ದು."

ಅವನು ಹೂಂಗುಟ್ಟಿದ. ಕೇಳಿಸಿಕೊಂಡಿರಲಿಲ್ಲ.

ಈಗ ಕೆಂಪು ದೀಪದ ಕೆಳಗೆ ಮುದ್ರಣದ ಎಂಜಿನಿಯರ್ ಅಡ್ಡ ನಿಂತ. "ಒಳಗೆ ಹೋಗ್ಬೇಡಿ ಸಾರ್. ಯಾರನ್ನೂ ಬಿಡಬೇಡ ಅಂದಿದಾರೆ, ಅದರಲ್ಲೂ ನಿಮ್ಮನ್ನ."

ಅದರಲ್ಲೂ ನಿಮ್ಮನ್ನ! ಡ್ರಮ್ಮರ್ ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದ. ಮಡಿಚಿಕೊಂಡು ಬಿದ್ದವನ ಮುಖಕ್ಕೆ ಇನ್ನೊಂದು ಕೊಟ್ಟ. ಹಲ್ಲೊಂದು ನೆಲದ ಮೇಲೆ ಉರುಳಿತು. ಬಿದ್ದವನನ್ನು ದಾಟಿ ಮೆತ್ತನೆಯ ದಪ್ಪ ಬಾಗಿಲನ್ನು ಸದ್ದಾಗದಂತೆ ನೂಕಿ, ಒಳಗೆ ಜಾರಿ, ಹಿಂದೆ ಮುಚ್ಚಿದ.

ಕತ್ತಲೆಂದರೆ ಕತ್ತಲು. ಕಣ್ಣು ಇದ್ದೂ ಇಲ್ಲದ ಹಾಗೆ. ಗಿಟಾರ್ ಮಾತ್ರ ನುಡಿಯುತ್ತಿತ್ತು. ಹಾಡಿಗೆ ಮುಂಚಿನ ಭಾಗ ಅದು, ಗಂಟಲು ಇನ್ನೂ ಸೇರಿರಲಿಲ್ಲ. ಹಳೆಯ ಅದೇ ಓಟ, ಅದೇ ತಡೆದು ಬಾಗುವ ಬಗೆ. ತಂತಿಯ ನಾದವಷ್ಟೇ ತುಸು ಮಂಕು, ಬಟ್ಟೆಯ ಮರೆಯಿಂದ ಬಂದ ಹಾಗೆ. ಮರದ ಗಿಟಾರಿಗೆ ವಯಸ್ಸಾಗಿದೆ ಎಂದುಕೊಂಡ.

ಒಂದು ಕ್ಷಣ ಅವನ ಕಾಲು ನಿಂತಿತು. ಎಷ್ಟು ಚೆಂದ ನುಡಿಸುತ್ತಾನೆ, ಪಾಪಿ! ಆ ಚೆಂದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ತಾಳ ಹಾಕಿ ಹಾಕಿ ಪಳಗಿದ ಕಿವಿ ಅವನದು. ಗಿಟಾರಿನ ಹೊಟ್ಟೆ ಎಲ್ಲಿದೆ, ಕತ್ತೆಲ್ಲಿದೆ, ಆ ಕತ್ತಿನ ಮೇಲೆ ಬೆರಳುಗಳು ಎಲ್ಲಿ ಓಡುತ್ತಿವೆ, ಎಲ್ಲವೂ ಆ ಕಿವಿಗೆ ಕಾಣುತ್ತಿತ್ತು. ಸರಳನ್ನು ಎರಡೂ ಕೈಯಲ್ಲಿ ಎತ್ತಿದ. ಅಭ್ಯಾಸಬಲ, ತಾಳಕ್ಕೆ ಸರಿಯಾಗಿಯೇ ಹೊಡೆದ.

ತಂತಿಗಳು ಚಾಟಿಯಂತೆ ಹರಿದು ಹಾರಿದವು. ಮರ ಸೀಳಿತು. ಮರಕ್ಕಿಂತ ಒಣಗಿದ ಇನ್ನೊಂದು ಸದ್ದಾಯಿತು, ಸಣ್ಣ ಕಡ್ಡಿಗಳ ಕಟ್ಟನ್ನು ಒಟ್ಟಿಗೆ ಮುರಿದ ಹಾಗೆ. ಯಾರದೋ ಉಸಿರು ಒಳಕ್ಕೆ ಹೋಗಿ ಅಲ್ಲೇ ನಿಂತಿತು.

ಗಿಟಾರ್ ನಿಂತಿತು. ಹಾಡು ಶುರುವಾಯಿತು.

ಅವನ ಬೆನ್ನ ಹಿಂದೆ, ಕೋಣೆಯ ಆಚೆ ಮೂಲೆಯಲ್ಲಿ, ಗಾಯಕ ತನ್ನ ಸರದಿಗೆ ಸರಿಯಾಗಿ ದನಿ ಎತ್ತಿದ್ದ. ಅರ್ಧ ಸಾಲು ಹಾಡಿ ತಡೆದ.

"ಅಕ್ಕಾ? ಏನದು ಸದ್ದು? ಯಾಕೆ ನಿಲ್ಲಿಸಿದೆ?"

ದೀಪ ಹೊತ್ತಿತು. ಮುರಿದ ಬೆರಳುಗಳ ತುದಿಯಲ್ಲಿ ನಾಲ್ಕು ಹಳದಿ ಬಾತುಮರಿಗಳು ಮೆಲ್ಲಗೆ ಕೆಂಪಾಗುತ್ತಿದ್ದವು.