‘ಬರ್ತೀನಿ’ ಅಂದರೆ ವಾಪಸ್

ನಮ್ಮ ಕಾರುಗಳಿಗೆ ಸ್ಟೀರಿಂಗ್ ಇಲ್ಲ. ಬಾಯಲ್ಲಿ ಹೇಳಿದ ಕಡೆಗೆ ಓಡುತ್ತವೆ. ನಿನ್ನೆ ಅಪ್‌ಡೇಟ್ ಆಯಿತು, ನನ್ನ ಕಾರಿನ ಬುದ್ಧಿ ಕೆಟ್ಟಿತು.

ಎದೆನೋವೆಂದು ಒದ್ದಾಡುತ್ತಿದ್ದ ಹೆಂಡತಿ ಪುಟ್ಟಗೌರಿಯನ್ನು ಆಸ್ಪತ್ರೆಗೆ ಹೊರಡಿಸಿದೆ. ಅವಳು ಬಾಗಿಲಲ್ಲಿ ನಿಂತ ತಾಯಿಗೆ, “ಬರ್ತೀನಮ್ಮ” ಎಂದಳು. ಕಾರು ಊರು ದಾಟುತ್ತಲೇ ಮನೆಗೆ ತಿರುಗಿತು.

“ಆಸ್ಪತ್ರೆಗೆ ನಡಿಯೋ, ಮುಟ್ಠಾಳ,” ಎಂದು ಪರದೆಗೆ ಗುದ್ದಿದೆ.

“ಅವರು ಬರ್ತೀನಿ ಅಂದಿದ್ದಾರೆ. ಹೋಗ್ತೀನಿ ಅಂತ ಅವರೇ ಹೇಳಬೇಕು,” ಎಂದಿತು ಕಾರು.

ಮನೆಯಿಂದ ಹೊರಟವರು ಆ ಅಪಶಕುನದ ಮಾತು ಆಡುತ್ತಾರೆಯೇ? ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳು ಸರಿಸಿದಳು.

“ಬಿಡ್ರಿ, ಮಾತಿಗೆ ಯಾರಾದ್ರೂ ಸಾಯ್ತಾರಾ?” ಎಂದು ಉಸಿರೆಳೆದುಕೊಂಡು, “ಹೋಗ್ತೀನಿ,” ಎಂದಳು.

ಕಾರು ಆಸ್ಪತ್ರೆಯತ್ತ ಓಡಿತು. ದಾರಿಯುದ್ದಕ್ಕೂ ನಾನು ‘ಬರ್ತಾಳೆ, ಬರ್ತಾಳೆ’ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟರೆ ಆ ದರಿದ್ರ ಕಾರು ಕೇಳಿಸಿಕೊಳ್ಳುತ್ತಿತ್ತು.