ಬಾಲ್ದಿಯ ಊರು

"ಬಾಲ್ದಿ," ಎಂದಳು ದಿಶಾ, ನೀಲಿ ಪ್ಲಾಸ್ಟಿಕ್ ಬಾಲ್ದಿಯನ್ನು ಎತ್ತಿ ಸಭೆಗೆ ತೋರಿಸುತ್ತ.

ಟಿಣ್ ಎಂದು ಗಂಟೆ ಬಡಿಯಿತು. "ತಪ್ಪು. ಅದು ಪೋರ್ಚುಗೀಸ್ ಪದ, ಮಗೂ. ಹಡಗಿನಲ್ಲಿ ಗೋವೆಗೆ ಬಂದು ಇಳಿದದ್ದು," ಎಂದರು ತೀರ್ಪುಗಾರ ವಸಂತಕುಮಾರರು.

ಡೊಂಬಿವಲಿಯ ಕನ್ನಡ ಸಂಘವೊಂದರ 2008ರ ರಾಜ್ಯೋತ್ಸವ ಅದು. ವೇದಿಕೆಯ ಮೇಲೆ ಮನೆಬಳಕೆಯ ಹತ್ತು ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ಮಕ್ಕಳು ಒಂದೊಂದನ್ನೇ ಎತ್ತಿ ಕನ್ನಡದಲ್ಲಿ ಹೆಸರು ಹೇಳಬೇಕು. ಇಂಗ್ಲಿಷ್ ಪದ ಬಂದರೆ ಅಂಕವಿಲ್ಲ ಎಂದಷ್ಟೇ ನೋಟೀಸಿನಲ್ಲಿತ್ತು. ಪೋರ್ಚುಗೀಸಿನ ಸುದ್ದಿಯೇ ಅದರಲ್ಲಿರಲಿಲ್ಲ. ಆದರೆ ಬೇಲಾಪುರದ ಕಚೇರಿಯೊಂದರಿಂದ ನಿವೃತ್ತರಾದ ಮೇಲೆ ವಸಂತಕುಮಾರರು ಯಾವ ಪದ ಎಲ್ಲಿಂದ ಬಂತೆಂದು ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆರು ವರ್ಷದಲ್ಲಿ ಅದನ್ನು ನಾಲ್ಕು ಜನರೆದುರು ಬಿಚ್ಚುವ ಅವಕಾಶ ಅವರಿಗೆ ಒದಗಿದ್ದು ಇದೊಂದೇ. ಅದು ಮಕ್ಕಳ ಸ್ಪರ್ಧೆಯೇ ಆಗಬೇಕಿತ್ತೇ?

ಎರಡನೆಯ ಸಾಲಿನಲ್ಲಿ ಕೂತಿದ್ದ ದಿಶಾಳ ತಾಯಿ ಉಮಾವತಿ ಹಲ್ಲು ಕಚ್ಚಿಕೊಂಡಳು. ಎರಡು ತಿಂಗಳಿಂದ ಅಡುಗೆಮನೆಯಲ್ಲಿ ನಿಂತು ಅವಳೇ ಕಲಿಸಿದ ಪದಗಳು ಅವು. ಬಕೆಟ್ ಅಲ್ಲ, ಬಾಲ್ದಿ. ಕೀ ಅಲ್ಲ, ಚಾವಿ. ಕುಂದಾಪುರದಲ್ಲಿ ಅವಳ ಅಜ್ಜಿಯ ಬಾಯಲ್ಲಿ ಇದ್ದದ್ದೂ ಅವೇ. ಎಂಟನೆಯ ತರಗತಿಯ ದಿಶಾಳೋ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ ಕೊಡುವವಳು. ಅವಳನ್ನು ಈ ವೇದಿಕೆ ಹತ್ತಿಸುವಷ್ಟರಲ್ಲಿ ಉಮಾವತಿಗೆ ಸಾಕುಬೇಕಾಗಿತ್ತು. ಹುಡುಗಿ ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ಜನ ನಕ್ಕರೆ ಅವತ್ತಿಗೆ ಕನ್ನಡ ಬಂದ್, ಆಮೇಲೆ ಮನೆಯಲ್ಲೂ ಅಮ್ಮ ಒತ್ತಾಯ ಮಾಡಬಾರದು.

"ಚಾವಿ."

ಟಿಣ್. "ಅದೂ ಪೋರ್ಚುಗೀಸ್."

"ಇಸ್ತ್ರಿ ಪೆಟ್ಟಿಗೆ."

ಟಿಣ್. "ಪೆಟ್ಟಿಗೆ ನಮ್ಮದು, ಇಸ್ತ್ರಿ ಅವರದು. ಅರ್ಧ ಅಂಕ ಕೊಡಬಹುದಿತ್ತು, ನಿಯಮದಲ್ಲಿಲ್ಲ."

"ಕುರ್ಚಿ."

ಟಿಣ್. "ಅರಬ್ಬಿ."

ಉಮಾವತಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು. "ಎಂತ ಸರ್ ಇದು? ಹಾಗಾದ್ರೆ ಕುರ್ಚಿಗೆ ಮತ್ತೆಂತ ಹೇಳುದು?"

"ಪೀಠ ಅನ್ನಬಹುದಮ್ಮ."

"ಅದು ಸಂಸ್ಕೃತ ಅಲ್ದಾ?"

"ಸಂಸ್ಕೃತ ನಡೀತದೆ."

"ನಡೆಸುದಾದ್ರೆ ಎಲ್ಲವನ್ನೂ ನಡೆಸಿ ಮಾರಾಯ್ರೆ! ಪೀಠ ತಕೊಂಡು ಬಾ ಅಂದ್ರೆ ನಮ್ಮ ಮನೆಯಲ್ಲಿ ಯಾರಿಗೆ ತಿಳೀತದೆ?"

"ಪೋಷಕರು ಮಧ್ಯೆ ಬರಬಾರದು. ಕೂತ್ಕೊಳ್ಳಿ," ಎಂದು ವಸಂತಕುಮಾರರು ನೋಟುಬುಕ್ಕಿನ ಪುಟ ತಿರುವಿದರು. ಉಮಾವತಿ ಕೂರಲಿಲ್ಲ.

ದಿಶಾ ಐದನೆಯ ವಸ್ತುವಾದ ಸಾಬೂನನ್ನು ಕೈಗೆತ್ತಿಕೊಂಡಿದ್ದಳು. ಹೆಸರು ಹೇಳುವ ಬದಲು ಮೈಕಿಗೆ ಇನ್ನಷ್ಟು ಹತ್ತಿರ ಬಂದಳು. "ಅಂಕಲ್, ಈ ಚಾವಿ ಇಲ್ಲಿ ಬಂದು ಎಷ್ಟು ವರ್ಷ ಆಯ್ತು?"

ವಸಂತಕುಮಾರರ ಮುಖ ಅರಳಿತು. "ಒಳ್ಳೆಯ ಪ್ರಶ್ನೆ! ಪದ ಬಂದು ಹತ್ತಿರ ಹತ್ತಿರ ಐನೂರು ವರ್ಷ ಆಗಿರಬಹುದು."

"ಅದು ಇನ್ನೂ ಹೊರಗಿಂದೇ?"

"ಹುಟ್ಟಿದ್ದು ಅಲ್ಲಿ ತಾನೆ, ಮಗೂ?"

 ದಿಶಾ ಪದಗಳನ್ನು ಹುಡುಕಿ ಹುಡುಕಿ ಜೋಡಿಸುತ್ತಿದ್ದುದು ಕೆಳಗೆ ನಿಂತ ತಾಯಿಗೂ ಗೊತ್ತಾಗುತ್ತಿತ್ತು. ಮೂರು ವಾಕ್ಯ ಕನ್ನಡವನ್ನು ಅವಳು ಒಂದೇ ಸಲಕ್ಕೆ ಆಡಿದ್ದನ್ನು ಉಮಾವತಿ ಈವರೆಗೆ ಕೇಳಿರಲಿಲ್ಲ.

"ನಾನು ಇಲ್ಲೇ ಹುಟ್ಟಿದ್ದು, ಅಂಕಲ್. ಡೊಂಬಿವಲಿಯಲ್ಲೇ. ಆದ್ರೂ ಕ್ಲಾಸಲ್ಲಿ ಎಲ್ಲರೂ ನನಗೆ ಹೊರಗಿನವಳು ಅಂತ ಬೋಲ್ತಾರೆ. ನಾವು..."

ಟಿಣ್. "ಬೋಲ್ತಾರೆ! ಹಿಂದಿ!"

ವಸಂತಕುಮಾರರ ಕೈ ತಾನಾಗಿಯೇ ಗಂಟೆಯ ಮೇಲೆ ಬಿದ್ದಿತ್ತು. ಸಭಾಂಗಣವೆಲ್ಲ ಹೋ ಎಂದು ನಕ್ಕಿತು. ಮುಂದಿನ ಸಾಲಿನ ಪದಾಧಿಕಾರಿಗಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮುದ್ದಿನಿಂದಲೇ ನಕ್ಕಿದ್ದರು. ಉಮಾವತಿಗೆ ಅದೇ ಇನ್ನಷ್ಟು ಸಿಟ್ಟು ಬರಿಸಿತು. ಬೈಯೋಣವೆಂದರೆ ಒಬ್ಬರೂ ಬೈಯುವಂಥ ಮುಖದವರಿರಲಿಲ್ಲ.

ದಿಶಾ ಸಾಬೂನನ್ನು ಅದರ ಜಾಗದಲ್ಲಿಟ್ಟು ಮೆಟ್ಟಿಲಿಳಿದು ಬಂದಳು. ಅಳಲಿಲ್ಲ. "ಆಯೀ, ಚಲ್, ಘರೀ ಜಾವೂಯಾ," ಎಂದಳು, ಮನೆಗೆ ಹೋಗೋಣವೆಂದು. ಮಿಕ್ಕ ಮಾತೆಲ್ಲ ಮರಾಠಿಯಾದರೂ ಹದಿಮೂರು ವರ್ಷ ಅವಳು ತಾಯಿಯನ್ನು ಅಮ್ಮ ಎಂದೇ ಕರೆದಿದ್ದಳು. ಉಮಾವತಿ ಆಯೀ ಆದದ್ದು ಇದೇ ಮೊದಲು.

ಇಬ್ಬರೂ ಚಪ್ಪಲಿ ಮೆಟ್ಟುತ್ತಿದ್ದಾಗ ವಸಂತಕುಮಾರರು ಸಮಾಧಾನಕರ ಬಹುಮಾನದ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಾಗಿಲ ತನಕ ಬಂದರು. ಕಂಕುಳಲ್ಲಿ ನೋಟುಬುಕ್ಕು ಇದ್ದೇ ಇತ್ತು.

"ಬೇಸರ ಮಾಡ್ಬೇಡಿ ಅಮ್ಮ. ಹುಡುಗಿ ಜಾಣೆ. ನಾನು ಯಾವುದು ಎಲ್ಲಿಯದು ಅಂತ ಹೇಳಿದ್ದು ಅಷ್ಟೆ."

"ಹೌದು ಸರ್. ಬಾಲ್ದಿ, ಚಾವಿ, ಕುರ್ಚಿ ಎಲ್ಲವನ್ನೂ ಅದರದರ ಊರಿಗೆ ಕಳಿಸಿಬಿಟ್ರಿ," ಎಂದಳು ಉಮಾವತಿ. "ನನ್ನ ಮಗಳನ್ನು ಯಾವ ಊರಿಗೆ ಕಳಿಸಿದ್ರಿ ಅಂತ ಸ್ವಲ್ಪ ನಿಮ್ಮ ಪುಸ್ತಕದಲ್ಲಿ ನೋಡಿ ಹೇಳಿ."