ಪಟ್ಟಿಗೊಂದು ಕೆಲಸ

ಬಸ್ ಡಿಪೋದ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೂ ಅವನಿಗೆ ಬೆಳಿಗ್ಗೆ ಎದ್ದೊಡನೆ ಕೆಲಸದ ಪಟ್ಟಿ ಬೇಕು. ಹೆಂಡತಿ ಹೇಳಬೇಕು, ಅವನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಒಂದೊಂದಕ್ಕೂ ಗೀಟು ಹೊಡೆಯುವವರೆಗೆ ಅವನಿಗೆ ಕೂತಲ್ಲಿ ಕೂರಲಾಗದು.

ಆ ದಿನ ಗೇಟಿಗೆ ಎಣ್ಣೆ, ಫ್ಯಾನಿನ ಧೂಳು, ರೇಷನ್ ಕಾರ್ಡಿನ ಜೆರಾಕ್ಸ್ ಎಲ್ಲಕ್ಕೂ ಹತ್ತು ಗಂಟೆಗೇ ಗೀಟು ಬಿದ್ದಿತ್ತು. ಅವನು ಗೋಡೆ ಗಡಿಯಾರವನ್ನು ಎರಡು ಸಲ ಕೆಳಗಿಳಿಸಿ ಒರೆಸಿದ. ಮೂರನೆಯ ಸಲ ಕೈ ಚಾಚಿದವನು ಅಲ್ಲಿಂದಲೇ ಕೂಗಿದ.

"ಇನ್ನೇನಿದೆ ಹೇಳೇ! ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ನಂಗೆ."

"ಬಚ್ಚಲ ನಲ್ಲಿ ಮತ್ತೆ ಸೋರ್ತಿದೆ ನೋಡ್ರೀ," ಎಂದಳು ಅವಳು, ಬಲ ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತ.

"ಮೊನ್ನೆ ತಾನೇ ಬಿಗಿ ಮಾಡಿದ್ದೆ! ನಿನ್ ಕೈಗೇನಾಯ್ತು?"

"ಏನಿಲ್ಲ, ಚಪಾತಿ ಹಿಟ್ಟು ನಾದಿ ನಾದಿ ಹಿಡ್ಕೊಂಡಿದೆ."

ಆ ವಾರ ಮನೆಯಲ್ಲಿ ಚಪಾತಿಯನ್ನೇ ಮಾಡಿರಲಿಲ್ಲ. ಅವನು ಅವಳ ಮಣಿಕಟ್ಟನ್ನೊಮ್ಮೆ ನೋಡಿದ. ಪಟ್ಟಿಯ ಕೊನೆಗೆ 'ಬಚ್ಚಲ ನಲ್ಲಿ' ಎಂದು ಬರೆದು, ತನ್ನ ಟೂಲ್ ಬಾಕ್ಸ್ ತೆರೆದ. ಮೊನ್ನೆಯಿಂದ ಅವನು ಮುಟ್ಟದಿದ್ದ ಸ್ಪ್ಯಾನರ್ ಒದ್ದೆಯಾಗಿತ್ತು.

ಕಾಲು ಗಂಟೆಯ ನಂತರ ಅಡುಗೆಮನೆಯಿಂದ ಅವಳ ದನಿ ಕೇಳಿತು. "ಸರಿ ಹೋಯ್ತೇನ್ರೀ?"

"ಹೂಂ ಕಣೇ, ಇನ್ನೊಂದು ವರ್ಷ ಅಲ್ಲಾಡಲ್ಲ!" ಎಂದು ಗಟ್ಟಿಯಾಗಿ ಕೂಗಿ ಹೇಳಿದ ಅವನು, ನಾಳೆ ಅವಳ ಕೈಗೆ ನೋವಾಗದಿರಲೆಂದು, ಬಿಗಿದಿದ್ದ ನಟ್ಟನ್ನು ಮೆಲ್ಲಗೆ ಅರ್ಧ ಸುತ್ತು ಸಡಿಲಿಸಿದ.